ಕೆಂಪು ಬಟ್ಟೆಯ ಹಿಂದೆ ಓಡಿದ ಶಾಂತಪ್ಪನನ್ನು ಬಿಟ್ಟುಕೊಡಿ

ನಾಯಿ ಹಿಡಿಸುವ ಅಧಿಕಾರವುಳ್ಳ ಮಾನ್ಯರೇ,

ನಮ್ಮ ಮನೆಯ ನಾಯಿ ಶಾಂತಪ್ಪನನ್ನು ನಿಮ್ಮ ಸಿಬ್ಬಂದಿ ಹೊತ್ತುಕೊಂಡು ಹೋಗಿದ್ದಾರೆ. ‘ಹೊತ್ತುಕೊಂಡು’ ಎಂದು ಬೇಕೆಂದೇ ಬರೆದಿದ್ದೇನೆ. ಬಲೆ, ಕೋಲು, ಕೈಗವಸು ಸಮೇತ ಪೆರೇಸಂದ್ರದ ಪಕ್ಕದ ನಮ್ಮೂರಿಗೆ ಬಂದ ಆ ವೀರರಿಗೆ ಸಿಕ್ಕಿದ್ದು ಗೋಣಿಚೀಲದ ಮೇಲೆ ಕಾಲು ಚಾಚಿ ಮಲಗಿದ್ದ ಪ್ರಾಣಿ. ಎಬ್ಬಿಸಿದರೂ ಏಳಲಿಲ್ಲ. ಕೊನೆಗೆ ಕೂಸನ್ನು ಎತ್ತಿದಂತೆ ಎತ್ತಿ ವ್ಯಾನಿಗೆ ಹಾಕಿದರು. ಅದು ‘ಅಪಾಯಕಾರಿ ಬೇಟೆ ನಾಯಿ’, ಮನೆಯಲ್ಲಿ ಸಾಕಲು ಯೋಗ್ಯವಲ್ಲ, ಸೋಮವಾರ ಮೂಲ ಮಾಲೀಕನಿಗೆ ಒಪ್ಪಿಸಲಾಗುವುದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಸ್ವಾಮಿ, ಆ ಮೂಲ ಮಾಲೀಕ ಯಾರೆಂದು ಗೊತ್ತೇ? ಶಾಂತಪ್ಪನನ್ನು ಹೆದ್ದಾರಿ ಬದಿಯಲ್ಲಿ ಬಿಟ್ಟು ಓಡಿಹೋದ ಪುಣ್ಯಾತ್ಮ!

ಶಾಂತಪ್ಪ ಗ್ರೇಹೌಂಡ್ ಜಾತಿಯವನು. ಗೌರಿಬಿದನೂರಿನ ಕಡೆ ನಾಯಿ ಓಟದಲ್ಲಿ ಹೆಸರು ಮಾಡಿದವನು. ಆಗ ರಾಕೆಟ್ ಅಂತಿದ್ದರಂತೆ. ಮೋಟರ್‌ಬೈಕಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ, ಆ ಬಟ್ಟೆಯ ಹಿಂದೆ ನಾಯಿ. ಅವನಿಗೆ ಕಲಿಸಿದ ವಿದ್ಯೆ ಅದೊಂದೇ. ಕಾಲು ಉಳುಕಿ ಹಿಂದೆ ಬೀಳತೊಡಗಿದ್ದೇ ತಡ, ಮಾಲೀಕ ಕಾರಿನಿಂದ ಇಳಿಸಿ ಹೊರಟುಬಿಟ್ಟ. ಅದೂ ಒಂದು ಪಂದ್ಯವೆಂದೇ ತಿಳಿದನೋ ಏನೋ, ಶಾಂತಪ್ಪ ಆ ಕಾರಿನ ಹಿಂದೆ ಓಡಿ ಓಡಿ ನಮ್ಮ ಹಿಪ್ಪುನೇರಳೆ ತೋಟದ ಬೇಲಿಯ ಹತ್ತಿರ ಕುಸಿದು ಬಿದ್ದಿದ್ದ. ಮನೆಗೆ ಎತ್ತಿ ತಂದೆ. ನನ್ನ ಹೆಂಡತಿ ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟು, “ಇದೇನ್ರೀ, ನಾಯಿ ತಂದ್ರೋ, ನಾಯಿದು ಎಕ್ಸ್‌ರೇ ತಂದ್ರೋ?” ಅಂದಳು. ಅಂದವಳೇ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿಟ್ಟಳು. ಶಾಂತಪ್ಪ ಎಂದು ಹೆಸರಿಟ್ಟವಳೂ ಅವಳೇ. ರೇಷ್ಮೆಹುಳು ಸಾಕುವ ಮನೆಯೊಳಗೆ ತನ್ನ ಸ್ವಂತ ಅಣ್ಣನನ್ನೂ ಬಿಡದ ಹೆಂಗಸು, ಚಳಿಗಾಲದಲ್ಲಿ ಒಳಗಿನ ಕಾವು ತಾಗಲೆಂದು ಇವನಿಗೆ ಆ ಬಾಗಿಲಿಗೇ ಒತ್ತಿ ಹಾಸಿಗೆ ಹಾಕಿಕೊಟ್ಟಳು.

ಇನ್ನು ಅಪರಾಧಕ್ಕೆ ಬರೋಣ. ಹೋದ ವಾರ ನೀಲಗಿರಿ ಕಂಬ ತುಂಬಿದ ಟ್ರ್ಯಾಕ್ಟರೊಂದು ನಮ್ಮೂರ ಮೇಲೆ ಹೋಯಿತು. ಹಿಂದಕ್ಕೆ ಚಾಚಿದ ಕಂಬದ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಬೇರೆಯವರಿಗೆ ಅದು ಎಚ್ಚರಿಕೆ, ಶಾಂತಪ್ಪನಿಗೆ ಆಮಂತ್ರಣ. ಡ್ರೈವರ್ ಹೆದರಿ ಜೋರಾಗಿ ಓಡಿಸಿದ. ಅವನು ಜೋರು ಮಾಡಿದಷ್ಟೂ ಇವನಿಗೆ ಇದು ಓಟವೇ ಎಂದು ಖಾತ್ರಿಯಾಯಿತು. ಸಂತೆ ಬೀದಿಯಲ್ಲಿ ಹಾರಿ ಬಟ್ಟೆ ಕಿತ್ತುಕೊಂಡು, ಮನೆಗೆ ಬಂದು ಅಕ್ಕಯಮ್ಮನ ಕಾಲ ಬಳಿ ಇಟ್ಟು ಮಲಗಿದ. “ಏನಪ್ಪಾ ಶಾಂತಪ್ಪ, ನಂಗೆ ಬ್ಲೌಸ್ ಪೀಸ್ ತಂದ್ಯಾ?” ಅಂದಳು ಅವಳು. ಮಾನ್ಯರೇ, ಅವನು ಕಚ್ಚಿದ್ದು ಯಾರನ್ನು? ಬಟ್ಟೆಯನ್ನು. ದೂರು ಕೊಟ್ಟದ್ದು ಆ ಬಟ್ಟೆಯೇ?

ವಿಚಾರಣೆಗೆ ಬಂದ ನಿಮ್ಮ ಇನ್ಸ್‌ಪೆಕ್ಟರು ಟೀ ಅಂಗಡಿಯಲ್ಲಿ, ನಾಲ್ಕು ಜನರ ಎದುರು, “ನಾಯಿ ಜೋರಾ ಯಜಮಾನ್ರೇ?” ಎಂದು ಕೇಳಿದರು.

“ಜೋರಾ ಅಂತೀರಲ್ಲ ಸಾರ್! ಚಿರತೆ ಬಂದ್ರೂ ಸೈಡ್ ಕೊಡ್ಬೇಕು!” ಅಂದೆ.

ಅದನ್ನೇ ಬರೆದುಕೊಂಡು, ‘ಚಿರತೆಗಿಂತ ಅಪಾಯಕಾರಿ ಎಂದು ಸಾಕಿದವರೇ ಒಪ್ಪಿಕೊಂಡಿದ್ದಾರೆ’ ಎಂದು ವರದಿ ಮಾಡಿದ್ದಾರೆ. ಅಲ್ಲ ಸ್ವಾಮಿ, ನಮ್ಮ ಸೀಮೆಯಲ್ಲಿ ತನ್ನ ಹಸುವಿನ ಹಾಲನ್ನು, ತನ್ನ ಬೋರ್‌ವೆಲ್ಲಿನ ನೀರನ್ನು ಇದ್ದಷ್ಟೇ ಹೇಳುವ ಗಂಡಸು ಎಲ್ಲಿದ್ದಾನೆ? ಟೀ ಅಂಗಡಿಯಲ್ಲಿ ಅಂದದ್ದೆಲ್ಲ ಸಾಕ್ಷಿಯಾಗುವುದಾದರೆ ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೆ ಹಾಲಿನ ಹೊಳೆಯೇ ಹರಿಯುತ್ತಿರಬೇಕಿತ್ತು!

ಇರಲಿ. ಈ ಬಹಿರಂಗ ಪತ್ರವನ್ನು ಊರೆಲ್ಲ ಓದಲಿ, ನನ್ನ ಮರ್ಯಾದೆ ಹೋದರೆ ಹೋಗಲಿ, ನಿಜ ಬರೆಯುತ್ತೇನೆ. ಶಾಂತಪ್ಪ ಹೇಟೆ ಕೋಳಿಗೆ ಹೆದರುತ್ತಾನೆ. ಮಿಕ್ಸಿ ಸದ್ದಾದರೆ ಅಕ್ಕಯಮ್ಮನ ಸೆರಗಿನೊಳಗೆ ತಲೆ ತೂರಿಸುತ್ತಾನೆ. ಬಂದಾಗ ಮೆಟ್ಟಿಲು ಹತ್ತಲೂ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬೋನಿನಲ್ಲಿದ್ದವನಿಗೆ ಮೆಟ್ಟಿಲೆಲ್ಲಿ ಕಂಡಿರಬೇಕು? ನನ್ನ ತಮ್ಮನ ಮಗಳು ಅಮೃತ ಒಂದೊಂದು ಮೆಟ್ಟಿಲ ಮೇಲೂ ಕೊಬ್ಬರಿ ಚೂರಿಟ್ಟು ಕಲಿಸಿದಳು. ಕೋಳಿ ಅಟ್ಟಿಸಿಕೊಂಡು ಬಂದಾಗಲೆಲ್ಲ, “ದೊಡ್ಡಪ್ಪಾ, ನಿನ್ ಚಿರತೆ ಓಡ್ಬಂತು, ಬಾಗ್ಲು ತೆಗಿ” ಎಂದು ಕೂಗುತ್ತಿದ್ದಳು. ಈಗಲೂ ಅವಳು ಮೆಟ್ಟಿಲ ಮೇಲೆ ಕೊಬ್ಬರಿ ಚೂರಿಟ್ಟು ಬರುತ್ತಾಳೆ. ನಾನು ಕೂತರೆ ಏಳುತ್ತೇನೆ, ಎದ್ದರೆ ಶಾಂತಪ್ಪನನ್ನು ಕೂಡಿಹಾಕಿದ ನಿಮ್ಮ ಶೆಡ್ಡಿನ ಕಡೆಗೇ ನಡೆಯುತ್ತೇನೆ. ಅಲ್ಲಿ ಅವನು ನಿಂತೇ ಇದ್ದಾನೆ. ಮೈಮೇಲೆ ಮಾಂಸವಿಲ್ಲ, ಬರೀ ಸಿಮೆಂಟಿನ ಮೇಲೆ ಮಲಗಿದರೆ ಮೂಳೆ ಒತ್ತುತ್ತದೆ. ಅವನ ಗೋಣಿಚೀಲ ಕೊಡಲು ಹೋದರೆ ಕಾವಲುಗಾರ, “ಆರ್ಡರ್ ಇಲ್ಲ ಯಜಮಾನ್ರೇ, ನಾನೇನ್ ಮಾಡ್ಲಿ” ಅಂದ.

ಆದ್ದರಿಂದ ನನ್ನ ಒತ್ತಾಯವಿಷ್ಟು. ಸೋಮವಾರ ಶಾಂತಪ್ಪನನ್ನು ನಮ್ಮ ಮನೆಗೆ ಕಳಿಸಿ. ಸಾಕುವ ಪರವಾನಗಿ ಅಕ್ಕಯಮ್ಮನ ಹೆಸರಿಗೆ ಕೊಡಿ, ಅವನು ನನ್ನ ಮಾತು ಕೇಳುವುದೂ ಇಲ್ಲ. ಓಟ ಮುಗಿಸಿದ ನಾಯಿಗೆ ಒಂದು ಮನೆ ಹುಡುಕಿಕೊಡದ ಹೊರತು ಯಾವ ಮಾಲೀಕನಿಗೂ ಇನ್ನೊಂದು ನಾಯಿ ಓಡಿಸಲು ಬಿಡಬೇಡಿ. ನಿಮ್ಮ ಬಲೆಯನ್ನು ಸಾಕುವವರ ಮನೆಗೆ ತರುವ ಬದಲು ಬಿಟ್ಟು ಹೋದವರ ಮನೆಗೆ ಒಯ್ಯಿರಿ. ಅವರಾದರೂ ಎಬ್ಬಿಸಿದರೆ ಏಳುತ್ತಾರೆ. ಇದಕ್ಕೆಲ್ಲ ಮೀಟಿಂಗು ಬೇಕು ಎನ್ನುವುದಾದರೆ ಮಾಡಿಕೊಳ್ಳಿ. ಆದರೆ ಗೋಣಿಚೀಲಕ್ಕೆ ಇವತ್ತೇ ಆರ್ಡರ್ ಕೊಡಿ. ಅವನು ಒಮ್ಮೆ ಮಲಗಲಿ.

ಇಂತಿ,
ಚಿರತೆಯ ಮಾತನ್ನು ಹಿಂದಕ್ಕೆ ಪಡೆದು, ಗೋಣಿಚೀಲ ಹಿಡಿದು ನಿಮ್ಮ ಗೇಟಿನ ಮುಂದೆ ನಿಂತಿರುವ
ಕೋನಪ್ಪ