ಕಾಣದೆ ಉಳಿದ ಗೆರೆ

ಬೀದರ
ಏಪ್ರಿಲ್ ೨೦೧೬

ಮಾಯಾ ಅಕ್ಕನಿಗೆ ಸುಮೇಧಾಳ ಜೈಭೀಮ.

ನಿನ್ನ ಫೋನು ಹತ್ತುತ್ತಿಲ್ಲ. ಪತ್ರ ತಂದಿರುವ ಕುತುಬೋದ್ದೀನ ಚಾಚಾನ ಟ್ಯಾಂಕರಿನ ನೀರನ್ನೇ ಮಕ್ಕಳಿಗೆ ಕೊಡು. ಹಳೇ ಬಾವಿಯ ನೀರು ಬೇಡ.

ಔರಾದ ಕಡೆಯ ಹಳ್ಳಿಗಳಿಗೆ ಹೋದ ಟ್ಯಾಂಕರ್ ನೀರು, ವಾಂತಿಭೇದಿಯಾದ ಮಕ್ಕಳು, ಎರಡನ್ನೂ ಆಫೀಸಿನ ಕಂಪ್ಯೂಟರಿನಲ್ಲಿ ಒಂದೇ ಗ್ರಾಫಿನಲ್ಲಿ ಎರಡು ಗೆರೆಯಾಗಿ ಹಾಕಿದ್ದೆ. ಮಕ್ಕಳ ಗೆರೆ ತಳದಲ್ಲಿ ಮಲಗಿತ್ತು. ಸಾಹೇಬರು, "ಏನೂ ಆಗಿಲ್ಲಲ್ರಿ, ಟ್ಯಾಂಕರ್ ಇನ್ನಾ ಕಡಿಮಿ ಮಾಡೋಣು" ಎಂದರು.

ನೀರು ಸಾವಿರಾರು ಲೀಟರ್, ಮಕ್ಕಳು ಹತ್ತಿಪ್ಪತ್ತು. ಒಂದೇ ಅಳತೆಯಲ್ಲಿ ಮಕ್ಕಳು ಹೇಗೆ ಕಂಡಾರು? ಅವರ ಗೆರೆಗೆ ಬಲಗಡೆ ಬೇರೆ ಅಳತೆ ಕೊಟ್ಟೆ. ಟ್ಯಾಂಕರ್ ನೀರಿನ ಗೆರೆ ಇಳಿದಲ್ಲೆಲ್ಲ ಅದು ಏರುತ್ತ ಹೋಯಿತು. ನಿಮ್ಮೂರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅದನ್ನು ಸಾಹೇಬರ ಮುಂದಿಟ್ಟೆ.

"ಇದು ಯಾರಿಗೂ ತೋರಿಸಬ್ಯಾಡ್ರಿ" ಎಂದರು ಸಾಹೇಬರು. ನಾನು ಭಾಲ್ಕಿಯ ಡಾಕ್ಟರಮ್ಮನಿಗೆ ಕಳಿಸಿಬಿಟ್ಟೆ. ಟ್ಯಾಂಕರ್ ಹೊರಡಿಸಿದ್ದು ಅವರೇ. ಮಧ್ಯಾಹ್ನ ಅವರೂ ಬರುತ್ತಾರೆ.

ನನ್ನ ಕೆಲಸ ಹೋದರೆ ಹೋಗಲಿ. ಸಣ್ಣ ಮಗ ಊಟ ಬಿಟ್ಟಾನ ಅಂತ ನೀನು ಮೊನ್ನೆ ಅಂದಿದ್ದೆ. ನನಗೆ ಹೆದರಿಕೆ ಅದರದು. ಬಾವ ಪುಣೆಯಿಂದ ಬರಲಿ ಎಂದು ಕಾಯಬೇಡ. ಡಾಕ್ಟರಮ್ಮನ ಜೀಪು ಕಂಡ ಕೂಡಲೇ ಅವನನ್ನು ಎತ್ತಿಕೊಂಡು ಓಡು.

ನಿನ್ನ ತಂಗಿ
ಸುಮೇಧಾ