ಒಪ್ಪಿಗೆ ಕೇಳಿದ ಸಂಜೆ

ಗುರುವಾರ, ಫೆಬ್ರುವರಿ ೧೨

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ನಾಲಿಗೆ ಬಿಗಿಹಿಡಿಯಬೇಕಿತ್ತೇ?

ಸಂಜೆ ನಮ್ಮ ಅಲೆವಿ ಪಂಥದ ಸಾಮೂಹಿಕ ಪ್ರಾರ್ಥನೆ ಜೆಮ್‌ಗೆ ಊರೆಲ್ಲ ಸೇರಿತ್ತು. ನಮ್ಮ ಧರ್ಮಗ್ರಂಥದ ಕಟ್ಟಳೆಯಂತೆ ನನ್ನ ಗಂಡ, ಊರಿಗೆಲ್ಲ ಗುರುವಾದ ದೆದೆ, ಕುರಿತೊಗಲಿನ ಪೀಠದ ಮೇಲೆ ಕೂರುವ ಮೊದಲು ಎಲ್ಲರ ಒಪ್ಪಿಗೆಗಾಗಿ ಕೈಕಟ್ಟಿ ಕೇಳಿದರು: “ನನ್ನ ಮೇಲೆ ಯಾರಿಗಾದ್ರೂ ಬೇಸರ ಇದೆಯಾ?”

ನಾನೇ ಎದ್ದೆ. “ನನಗಿದೆ. ಅಳಿಯ ಅಲೆವಿ ಅಲ್ಲ ಅಂತ ಮಗಳು ಸೆನೆಮ್‌ಗೆ ಮನೆ ಬಾಗಿಲು ಹಾಕಿದ್ರಿ. ನಾನು ಒಪ್ಪಲ್ಲ.”

ಒಬ್ಬರ ಮನಸ್ಸು ನೊಂದಿದ್ದರೂ ಪ್ರಾರ್ಥನೆ ನಡೆಯುವಂತಿಲ್ಲ. ದೀಪ ಹಚ್ಚದೆಯೇ ಎಲ್ಲರೂ ಎದ್ದು ಹೋದರು.

ದಾರಿಯಲ್ಲಿ ಇವರು ಹಲ್ಲು ಕಡಿದರು: “ಮನೇಲೇ ಹೇಳೋಕೆ ಏನಾಗಿತ್ತೇ ನಿಂಗೆ?”

“ಮನೇಲಿ ನೀವು ಯಾವತ್ತು ಕೇಳಿದ್ರಿ?”

ಈಗ ಹಜಾರದಲ್ಲಿ ಅದೇ ಗ್ರಂಥ ಬಿಚ್ಚಿಕೊಂಡು ಕೂತಿದ್ದಾರೆ. ಪುಟ ಮಗುಚುವ ಸದ್ದೇ ಇಲ್ಲ. ಮುಂದಿನ ಗುರುವಾರ ಇವರು ಮತ್ತೆ ಕೇಳಲೇಬೇಕು. ನಾನೂ ಮತ್ತೆ ಎದ್ದು ನಿಲ್ಲಲೇಬೇಕು...