ಒಬ್ಬಳೇ ಮಗಳಿಗೆ ಬಹುವಚನ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ ತಾಯಿ, ಈ ವಯಸ್ಸಿನಲ್ಲಿ ನನಗೂ ಹೋಂವರ್ಕ್ ಇದೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ನಮಗೆಲ್ಲ ವಾರಕ್ಕೆ ಮೂರು ದಿನ ಇಂಗ್ಲಿಷ್ ಪಾಠ. ಯಾವ ವಾರ್ಡಿನ ಹೊದಿಕೆ, ಎಲ್ಲಿ ಹರಿದಿದೆ, ಎಲ್ಲವನ್ನೂ ಇನ್ನು ಮುಂದೆ ಇಂಗ್ಲಿಷಿನಲ್ಲೇ ಬರೆಯಬೇಕಂತೆ. ಇಸ್ತ್ರಿ ಮೇಜೇ ನಮ್ಮ ಡೆಸ್ಕು. ಅದರ ಬಿಸಿ ಆರುವ ತನಕ ಮೊಣಕೈ ಊರುವ ಹಾಗಿಲ್ಲ.

ಟೀಚರಮ್ಮ ನಿನಗಿಂತ ಚಿಕ್ಕವರು, ಕೆಂಪು ಪೆನ್ನು ಹಿಡಿದರೆ ಮಾತ್ರ ಯಮ. ಮನೆಯವರ ಬಗ್ಗೆ ಪ್ರಬಂಧ ಬರೆಯಿರಿ ಎಂದರು. ನಾನು ಬರೆದೆ: ‘ಮೈ ಡಾಟರ್ ಈಸ್ ಡಾಕ್ಟರ್. ದೇ ಆರ್ ವೆರಿ ಗುಡ್.’ ಪುಟವೆಲ್ಲ ಕೆಂಪಾಗಿ ವಾಪಸ್ ಬಂತು.

“ಡಾಕ್ಟರ್ ಹಿಂದೆ ‘ಎ’ ಬೇಕು. ಒಂದು ಅಂತ ಅರ್ಥ.”

“ಒಂದು ಅನ್ನೋಕೆ ನನ್ನ ಮಗಳೇನು ಬಕೆಟ್ಟಾ ಟೀಚರ್?”

ಇಸ್ತ್ರಿಯವನು ಬಿದ್ದು ಬಿದ್ದು ನಕ್ಕ. ಟೀಚರಮ್ಮ ನಗಲಿಲ್ಲ.

“ನಿಮಗೆ ಎಷ್ಟು ಹೆಣ್ಣುಮಕ್ಕಳು?”

“ಒಬ್ಬಳೇ.”

“ಮತ್ತೆ ‘ದೇ’ ಯಾಕೆ ಬಂತು? ‘ಷಿ’ ಅನ್ನಿ.”

“ಮನೇಲಾದ್ರೆ ಅವಳು ಪುಟ್ಟಿ. ಬಿಳಿ ಕೋಟು ಹಾಕಿದ್ಮೇಲೆ ಡಾಕ್ಟ್ರು. ಡಾಕ್ಟ್ರನ್ನ ‘ಅವಳು’ ಅನ್ನೋಕೆ ನಂಗೆ ಬಾಯಿ ಬರಲ್ಲ.”

ಅವರು ಪೆನ್ನು ಕೆಳಗಿಟ್ಟರು. “ಇಂಗ್ಲಿಷಲ್ಲಿ ಆ ಭೇದ ಇಲ್ಲ. ರಾಣಿನೂ ಷಿ, ನಿಮ್ಮ ಮಗಳೂ ಷಿ. ರಾಜನೂ ಹೀ, ನೀವೂ ಹೀ.”

ಒಪ್ಪಿಕೊಂಡೆ. ಹತ್ತು ಕಡೆ ‘ದೇ’ ಹೊಡೆದು ‘ಷಿ’ ಮಾಡಿದೆ. ಕೊನೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ: ‘ದೇ ಆರ್ ಮೈ ಡಾಟರ್.’ ಮಾರ್ಕ್ಸ್ ಹೋದರೆ ಹೋಗಲಿ ಎಂದುಕೊಂಡೆ. ಟೀಚರಮ್ಮ ನೋಡಿಯೂ ನೋಡದ ಹಾಗೆ ಬಿಟ್ಟರು.

ಪಾಸಾದೆ ಕಣೇ, ನೂರಕ್ಕೆ ಅರವತ್ತೊಂದು. ಇಪ್ಪತ್ತೆರಡನೇ ತಾರೀಕು ಆಸ್ಪತ್ರೆಯ ಸಭಾಂಗಣದಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ. ನಾನು ಮೈಕಿನಲ್ಲಿ ಈ ಪ್ರಬಂಧವನ್ನೇ ಓದಬೇಕು. ಯಾರ ಬಗ್ಗೆ ಬರೆದಿದ್ದೇವೋ ಅವರು ಎದ್ದು ನಿಲ್ಲಬೇಕಂತೆ. ನಿನ್ನ ಹಳೆಯ ವಾರ್ಡಿನವರೆಲ್ಲ ಇರುತ್ತಾರೆ. ನೀನು ಬರುತ್ತೀಯಾ?

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಕೈಗುಣ ಹೆಚ್ಚಲಿ, ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ನೀನು ಇಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ನಾನು ಹೊದಿಕೆಯ ಗಾಡಿ ತಳ್ಳಿಕೊಂಡು ನಿನ್ನ ವಾರ್ಡಿಗೆ ಬಂದಿದ್ದೆ. ನಿನ್ನ ಜೊತೆಯ ಡಾಕ್ಟರು ನನ್ನನ್ನು ತೋರಿಸಿ ಯಾರೆಂದು ಕೇಳಿದರು. “ಇವರು ನಮಗೆ ಪರಿಚಯ” ಅಂದೆ ನೀನು. ಮಾತು ಕಲಿತಾಗಿನಿಂದ ನನ್ನನ್ನು ‘ನೀನು’ ಅನ್ನುತ್ತಿದ್ದವಳು ಅವತ್ತು ಮೊದಲ ಸಲ ಬಹುವಚನ ಕೊಟ್ಟೆ. ಅಷ್ಟು ಮರ್ಯಾದೆ ನನಗೆ ಬೇಡ ಪುಟ್ಟಿ. ಇಪ್ಪತ್ತೆರಡಕ್ಕೆ ಯಾರಾದರೂ ಕೇಳಿದರೆ, ತಪ್ಪೆಂದು ನಕ್ಕರೂ ನಗಲಿ, “ಇವನು ನಮ್ಮಪ್ಪ” ಅನ್ನು.